ಅಷ್ಟೂರಿನ ಗುಮ್ಮಟದೊಳಗಿನ ಬಣ್ಣ
ಶುಕ್ರುಲ್ಲಾ ಎಂಬ ಚಿತ್ರಕಾರನ ಕೃತಿ ಮತ್ತು ಅದನ್ನು ಕಾಣುವ ಬಗೆ

ಶಾಲೆಯ ಚಿತ್ರಕಲೆಯ ಪಾಠದಲ್ಲಿ ನಮ್ಮ ಮಕ್ಕಳು ಈಗ 'ಪಾಪ್ ಆರ್ಟ್' ಎಂಬ ಮಾತನ್ನು ಕಲಿತು ಬರುತ್ತಾರೆ. ಜನಸಾಮಾನ್ಯರು ದಿನವೂ ಕಾಣುವ ಡಬ್ಬಿಯ ಚೀಟಿ, ಜಾಹೀರಾತು, ಸಿನಿಮಾ ತಾರೆಯ ಮುಖ, ಅಂಗಡಿಯ ಮೇಲಿನ ಅಕ್ಷರ ಮುಂತಾದವುಗಳನ್ನೇ ತೆಗೆದುಕೊಂಡು ಚಿತ್ರ ರಚಿಸುವ ಪದ್ಧತಿಗೆ ಆ ಹೆಸರು. ಎರಡನೆಯ ಮಹಾಯುದ್ಧದ ಅನಂತರ ಇಂಗ್ಲೆಂಡಿನಲ್ಲಿ ಮೊಳೆತು ಅಮೆರಿಕೆಯಲ್ಲಿ ಬೆಳೆದ ಈ ಕಲೆಯ ಪ್ರಮುಖ ಚಿತ್ರಕಾರ ಆಂಡಿ ವಾರ್ಹೋಲ್ (1928–1987). 1962ರಲ್ಲಿ ಆತ ಸೂಪಿನ ಡಬ್ಬಿಗಳ 32 ಚಿತ್ರಗಳನ್ನು ಸಾಲಾಗಿ ಪ್ರದರ್ಶಿಸಿದಾಗ ನೋಡಿದವರಲ್ಲಿ ಅನೇಕರು ನಕ್ಕರು. ಆ ಚಿತ್ರಗಳು ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ಒಂದೇ ವಸ್ತುವನ್ನು ಮತ್ತೆ ಮತ್ತೆ ಬರೆಯುವುದು, ಅಕ್ಷರವನ್ನೇ ಚಿತ್ರವಾಗಿಸುವುದು, ಪಂಡಿತರಲ್ಲದವರ ಕಣ್ಣಿಗೂ ನಿಲುಕುವಂತೆ ಮಾಡುವುದು ಆ ಕಲೆಯ ಲಕ್ಷಣಗಳೆಂದು ಮಕ್ಕಳ ಪುಸ್ತಕಗಳು ಹೇಳುತ್ತವೆ.

ಜನರ ಕಣ್ಣಿಗೆ ಹತ್ತಿರವಾದ ಚಿತ್ರಗಳನ್ನು ನಮ್ಮ ಭಾಗದವರೂ ಕೊಟ್ಟಿದ್ದಾರೆ. ಕಲಬುರಗಿಯಲ್ಲಿ ಜನಿಸಿ ಮುಂಬಯಿಯಲ್ಲಿ ಹೆಸರು ಗಳಿಸಿದ ಎಸ್.ಎಂ. ಪಂಡಿತ್ (1916–1993) ಅವರು ಸಿನಿಮಾ ಭಿತ್ತಿಚಿತ್ರಗಳನ್ನೂ ಪುರಾಣ ಪ್ರಸಂಗಗಳ ಕ್ಯಾಲೆಂಡರ್ ಚಿತ್ರಗಳನ್ನೂ ಬರೆದವರು. ಅವರ ಕೈಯ ದೇವತೆಗಳು ಚಿತ್ರಶಾಲೆಯ ಮೆಟ್ಟಿಲು ಹತ್ತದ ಸಾವಿರಾರು ಮನೆಗಳ ಗೋಡೆಯನ್ನು ಮುಟ್ಟಿದರು. ಕಲಬುರಗಿಯ ರಂಗಮಂದಿರ ಇಂದು ಅವರ ಹೆಸರನ್ನು ಹೊತ್ತಿದೆ. ಹಾಗಾದರೆ ಬೀದರ ಜಿಲ್ಲೆಯಲ್ಲಿ ಎಲ್ಲ ಜನರೂ ತಮ್ಮದೆಂದುಕೊಂಡ ಚಿತ್ರ ಯಾವುದು, ಅದನ್ನು ಬರೆದವರು ಯಾರು ಎಂದು ಕೇಳಿಕೊಂಡರೆ ನಾವು ಅಚ್ಚಿನ ಯಂತ್ರಕ್ಕಿಂತ ಬಹಳ ಹಿಂದೆ ಹೋಗಬೇಕಾಗುತ್ತದೆ. ಬೀದರ ನಗರದ ಪೂರ್ವಕ್ಕೆ ಮೂರು ನಾಲ್ಕು ಕಿಲೋಮೀಟರಿನಲ್ಲಿರುವ ಅಷ್ಟೂರಿನ ಒಂದು ಗುಮ್ಮಟದೊಳಗೆ ಹೋಗಬೇಕಾಗುತ್ತದೆ. ಸಂಗ್ರಹಾಲಯದ ಚೀಟಿ ಕೊಳ್ಳದ ರೈತರು, ಬಂಜಾರರು, ಬಳೆಗಾರರು, ಹೆಣ್ಣುಮಕ್ಕಳು ತಲೆಮಾರುಗಳಿಂದ ಜಾತ್ರೆಯ ದಿನ ತಲೆಯೆತ್ತಿ ನೋಡುತ್ತ ಬಂದ ಚಿತ್ರ ಅಲ್ಲಿದೆ. ನಮ್ಮ ಸಮಾಜದ ಮನೆಗಳಿಗೆ ಆ ಜಾಗ ಇನ್ನೊಂದು ಹೆಸರಿನಿಂದಲೂ ಪರಿಚಿತ. ಅದನ್ನು ಮುಂದೆ ಹೇಳುತ್ತೇವೆ.

ಗೋಡೆಯ ಮೇಲೆ ಉಳಿದ ಹೆಸರು

ಹಳೆಯ ಕಟ್ಟಡಗಳಲ್ಲಿ ಕಟ್ಟಿಸಿದ ದೊರೆಯ ಹೆಸರು ಉಳಿಯುವುದುಂಟು. ದುಡಿದವನ ಹೆಸರು ಉಳಿಯುವುದು ಅಪರೂಪ. ಅಷ್ಟೂರಿನಲ್ಲಿ ಆ ಅಪರೂಪ ನಡೆದಿದೆ. ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಹಾನ ಸಮಾಧಿಯ ಒಳಗೋಡೆಯಲ್ಲಿ ಚಿತ್ರಕಾರನು ತನ್ನ ಹೆಸರನ್ನು ಬರೆದಿದ್ದಾನೆ. ಆತ ಶುಕ್ರುಲ್ಲಾ, ಊರು ಇರಾನಿನ ಕಜ್ವೀನ್, ವೃತ್ತಿ ನಕ್ಕಾಶ್, ಅಂದರೆ ಬಣ್ಣದ ವಿನ್ಯಾಸ ಬರೆಯುವವನು. ಆತನ ಬದುಕಿನ ಕಥೆಗೆ ಈ ಮೂರು ಮಾತುಗಳೇ ಆಧಾರ. ಕಜ್ವೀನಿನಿಂದ ಬೀದರಕ್ಕೆ ಬರಬೇಕಾದರೆ ಆ ಕಾಲದಲ್ಲಿ ಮರುಭೂಮಿಯನ್ನೂ ಕಡಲನ್ನೂ ಘಟ್ಟವನ್ನೂ ದಾಟಬೇಕಿತ್ತು. ಅಷ್ಟು ದೂರ ಬಂದವನ ಕೈಕೆಲಸ ಇಂದು ನಮ್ಮ ಜಿಲ್ಲೆಯ ಮಣ್ಣಿನ ಆಸ್ತಿಯಾಗಿದೆ.

ಈ ಗುಮ್ಮಟವನ್ನೂ ಅದರ ಬರಹಗಳನ್ನೂ ವಿಸ್ತಾರವಾಗಿ ದಾಖಲಿಸಿದವರು ಗುಲಾಮ್ ಯಜ್ದಾನಿ. ಹೈದರಾಬಾದ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಅವರು ಅಜಂತೆಯ ಚಿತ್ರಗಳ ಬಗೆಗೂ ದೊಡ್ಡ ಗ್ರಂಥಗಳನ್ನು ಹೊರತಂದವರು. ಬೀದರದ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತ ಅವರ ಗ್ರಂಥ 1947ರಲ್ಲಿ ಪ್ರಕಟವಾಯಿತು. ಇಂದಿಗೂ ಬೀದರದ ಬಗ್ಗೆ ಬರೆಯುವವರೆಲ್ಲ ಆ ಗ್ರಂಥದ ಋಣದಲ್ಲಿದ್ದಾರೆ.

ಮಳೆ ತರಿಸಿದ ದೊರೆ

ಅಹಮದ್ ಶಹಾ 1422ರಿಂದ 1436ರವರೆಗೆ ಆಳಿದ. ಆತ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ರಾಜಧಾನಿ ಕಲಬುರಗಿಯಿಂದ ಬೀದರಕ್ಕೆ ಬಂದಿತು. ಎತ್ತರದ ಪ್ರಸ್ಥಭೂಮಿ, ತಂಪು ಗಾಳಿ, ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಬತ್ತದ ಝರಿಗಳು ಇವೆಲ್ಲ ಈ ಊರಿಗೆ ರಾಜಧಾನಿಯಾಗುವ ಯೋಗ್ಯತೆಯನ್ನು ತಂದುಕೊಟ್ಟವು. ಇಂದು ನಾವು ಕಾಣುವ ಕೋಟೆಯ ರೂಪರೇಷೆ ಆತನ ಕಾಲದ್ದು.

ಆತನ ಹೆಸರಿನೊಡನೆ 'ವಲಿ', ಅಂದರೆ ಸಂತ, ಎಂಬ ಬಿರುದು ಸೇರಿದ ಬಗೆಯನ್ನು ಚರಿತ್ರಕಾರ ಫಿರಿಶ್ತಾ ಹೇಳಿದ್ದಾನೆ. ಆಳ್ವಿಕೆಯ ಆರಂಭದಲ್ಲಿ ಮಳೆ ಕೈಕೊಟ್ಟು ಘೋರ ಬರ ಬಿದ್ದಿತು. ದೊರೆ ಅರಮನೆಯನ್ನು ಬಿಟ್ಟು ಬಯಲಿನ ದಿಬ್ಬವೊಂದನ್ನು ಏರಿ ಪ್ರಾರ್ಥಿಸಿದ. ಮೋಡ ಕವಿದು ಮಳೆ ಸುರಿಯಿತು. ಜನ ಆತನನ್ನು ವಲಿ ಎಂದು ಕರೆದರು. ಔರಾದ, ಭಾಲ್ಕಿ ಸೀಮೆಯಲ್ಲಿ ಮೃಗಶಿರಾ ಮಳೆಗಾಗಿ ಮುಗಿಲು ನೋಡುವ ಒಕ್ಕಲಿಗರಿಗೆ ಈ ಕಥೆಯ ತೂಕವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಖಡ್ಗ ಹಿಡಿದ ಎಷ್ಟೋ ದೊರೆಗಳನ್ನು ಮರೆತ ಜನ, ಮಳೆಗಾಗಿ ಕೈಮುಗಿದವನನ್ನು ಆರು ಶತಮಾನ ನೆನಪಿಟ್ಟಿದ್ದಾರೆ. ಆತನೂ ಖಡ್ಗ ಹಿಡಿದವನೇ, ವಿಜಯನಗರದೊಡನೆಯೂ ವಾರಂಗಲ್ಲಿನೊಡನೆಯೂ ಕಠೋರ ಯುದ್ಧಗಳನ್ನು ಮಾಡಿದವನೇ ಎಂಬುದನ್ನೂ ಇತಿಹಾಸ ಬರೆದಿಟ್ಟಿದೆ. ಜನ ಯಾವುದನ್ನು ಆರಿಸಿಕೊಂಡು ಉಳಿಸಿಕೊಂಡರು ಎಂಬುದು ಗಮನಿಸಬೇಕಾದ ಸಂಗತಿ.

ಈ ದೊರೆಗೆ ಸಂತರಲ್ಲಿ ಅಪಾರ ಭಕ್ತಿ. ಇರಾನಿನ ಕಿರ್ಮಾನ್ ಪ್ರಾಂತದ ಮಾಹಾನ್ ಎಂಬ ಊರಿನಲ್ಲಿದ್ದ ಶಹಾ ನಿಮತುಲ್ಲಾ ವಲಿ ಎಂಬ ಸೂಫಿ ಗುರುವನ್ನು ಆತ ಬೀದರಕ್ಕೆ ಆಹ್ವಾನಿಸಿದ. ವೃದ್ಧರಾದ ಗುರು ತಾವು ಬರದೆ ಮೊಮ್ಮಗನನ್ನು ಕಳುಹಿಸಿಕೊಟ್ಟರು. 1431ರಲ್ಲಿ ಗುರು ದೇಹ ಬಿಟ್ಟ ಅನಂತರ ಅವರ ಮಗ ಖಲೀಲುಲ್ಲಾ ಬೀದರಕ್ಕೆ ಬಂದು ನೆಲೆಸಿದರು. ಮಾಹಾನಿನಲ್ಲಿ ನಿಮತುಲ್ಲಾ ಅವರ ಸಮಾಧಿಯ ಮೇಲೆ ಗುಮ್ಮಟ ಎದ್ದದ್ದು ಬೀದರದ ಈ ದೊರೆಯ ಕಾಣಿಕೆಯಿಂದ. ಶುಕ್ರುಲ್ಲಾನ ಬಣ್ಣಕ್ಕೆ ಹಿನ್ನೆಲೆ ಈ ಗುರು-ಶಿಷ್ಯ ಸಂಬಂಧವೇ.

ಒಳಗಿನ ದರ್ಶನ

ಅಷ್ಟೂರಿನಲ್ಲಿ ಬಹಮನಿ ಮನೆತನದ ಗುಮ್ಮಟಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಅಹಮದ್ ಶಹಾನದು ಹೊರಗಿನಿಂದ ಸಾದಾ ಎನಿಸುವ ಕಟ್ಟಡ: ದಪ್ಪ ಗೋಡೆ, ಮೂರು ಸಾಲು ಕಮಾನುಗಳ ಮಾಡ, ಮೇಲೊಂದು ದೊಡ್ಡ ಗೋಳ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಕತ್ತಲೆಯ ಹೊರತು ಏನೂ ಕಾಣುವುದಿಲ್ಲ. ಅವಸರದವರು ಅಲ್ಲಿಂದಲೇ ಹಿಂದಿರುಗಿಬಿಡುತ್ತಾರೆ. ಐದು ಹತ್ತು ನಿಮಿಷ ಸುಮ್ಮನೆ ನಿಂತವರಿಗೆ ಮಾತ್ರ ಗೋಡೆ ಮೆಲ್ಲಗೆ ಬಾಯಿ ಬಿಡುತ್ತದೆ. ಮೊದಲು ಕುಂಕುಮದ ಕೆಂಪು, ಆಮೇಲೆ ಕಡುನೀಲಿ, ಕಡೆಗೆ ಅಲ್ಲಲ್ಲಿ ಹೊನ್ನಿನ ಗೆರೆ ಕಾಣತೊಡಗುತ್ತವೆ.

ಕಟ್ಟಡದ ರಚನೆಯನ್ನು ಅರಿತರೆ ಚಿತ್ರವನ್ನು ಅರಿಯುವುದು ಸುಲಭ. ನೆಲದ ಮಟ್ಟದಲ್ಲಿ ಕೋಣೆ ಚೌಕ. ಮೇಲೇರಿದಂತೆ ನಾಲ್ಕು ಮೂಲೆಗಳಿಗೆ ಅಡ್ಡ ಕಮಾನುಗಳನ್ನು ಹಾಕಿ ಚೌಕವನ್ನು ಎಂಟು ಮೂಲೆಯಾಗಿಸಿದ್ದಾರೆ. ಅದರ ಮೇಲೆ ದುಂಡನೆಯ ಗುಮ್ಮಟ ಕೂತಿದೆ. ಚೌಕ ಭೂಮಿ, ದುಂಡು ಆಕಾಶ ಎಂದು ಭಾವಿಸಿದರೆ ನೋಡುಗನ ಕಣ್ಣು ಭೂಮಿಯಿಂದ ಆಕಾಶಕ್ಕೆ ಏರುವ ಹಾದಿಯುದ್ದಕ್ಕೂ ಚಿತ್ರಕಾರ ಬಣ್ಣದ ಮೆಟ್ಟಿಲುಗಳನ್ನು ಇಟ್ಟಿದ್ದಾನೆ. ಗುಮ್ಮಟದ ಒಳಮೈಯಲ್ಲಿ ವರ್ತುಲದೊಳಗೆ ವರ್ತುಲ. ನಡುವೆ ಬಳ್ಳಿ, ಹೂ, ಪದಕದಂಥ ಆಕೃತಿಗಳು. ಇರಾನಿನ ರತ್ನಗಂಬಳಿಯನ್ನು ತಲೆಕೆಳಗಾಗಿ ಮುಗಿಲಿಗೆ ಹಾಸಿದಂತೆ ಕಾಣುತ್ತದೆ. ಆ ದೇಶದಲ್ಲಿ ಹಸ್ತಪ್ರತಿಗಳ ಮೊದಲ ಹಾಳೆಗಳನ್ನು ಅಲಂಕರಿಸುವ ಕಲೆ ಬಹಳ ಮುಂದುವರಿದಿತ್ತು. ಆ ಹಾಳೆಯ ಅಲಂಕಾರವನ್ನು ಶುಕ್ರುಲ್ಲಾ ಗೋಡೆಯ ಅಳತೆಗೆ ಹಿಗ್ಗಿಸಿದ್ದಾನೆ.

ಮನುಷ್ಯನ ಮುಖ, ಪ್ರಾಣಿಯ ರೂಪ ಇಲ್ಲಿ ಒಂದೂ ಇಲ್ಲ. ಇಲ್ಲಿನ ನಾಯಕ ಅಕ್ಷರ. ಕೋನಗಳಿಂದ ಕೂಡಿದ ಕೂಫಿ, ಬಳುಕುವ ನಸ್ಖ್, ಒಂದರೊಳಗೊಂದು ಹೆಣೆದುಕೊಂಡ ತುಘ್ರಾ ಹೀಗೆ ಬೇರೆ ಬೇರೆ ಲಿಪಿಶೈಲಿಗಳಲ್ಲಿ ಪಟ್ಟಿಯ ಮೇಲೆ ಪಟ್ಟಿಯಾಗಿ ಬರಹ ಹರಿದಿದೆ. ಕೆಲವೆಡೆ ದೇವರ ನಾಮ, ಪ್ರವಾದಿಯ ಹೆಸರು, ಅಲಿಯ ಹೆಸರು ಮತ್ತೆ ಮತ್ತೆ ಬಂದು ವಿನ್ಯಾಸವೇ ಆಗಿಬಿಟ್ಟಿವೆ. ನಿಮತುಲ್ಲಾ ಅವರ ಕಾವ್ಯದ ಸಾಲುಗಳಿವೆ. ಗುರುವಿನಿಂದ ಗುರುವಿಗೆ ದೀಕ್ಷೆ ಹರಿದುಬಂದ ಪರಂಪರೆಯ ಪಟ್ಟಿ, ಅವರ ಭಾಷೆಯಲ್ಲಿ 'ಶಜರಾ', ಅಂದರೆ ಮರ, ಅದೂ ಗೋಡೆಯ ಮೇಲೆ ಹೊನ್ನಿನಲ್ಲಿ ಬರೆದಿದೆ. ಲಿಪಿ ಬಾರದ ನಮ್ಮಂಥವರು ಅವುಗಳನ್ನು ಓದಲಾರೆವು. ಆದರೆ ನಾಮವನ್ನು ಮತ್ತೆ ಮತ್ತೆ ಸ್ಮರಿಸುವುದರ ಅರ್ಥ ಪಂಚಾಕ್ಷರಿ ಜಪದಲ್ಲಿ ಬೆಳೆದ ಮನೆಯವರಿಗೆ ತಿಳಿಯದ ಸಂಗತಿಯೇನಲ್ಲ. ಗುರುಪರಂಪರೆಯ ಪಟ್ಟಿಗೆ ಯಾವ ಮಠದಲ್ಲಿ ಎಷ್ಟು ಗೌರವವಿದೆ ಎಂಬುದನ್ನೂ ನಾವು ಬಲ್ಲೆವು.

ಡಬ್ಬಿಯ ಮೇಲಿನ ಅಕ್ಷರವನ್ನು ವಾರ್ಹೋಲ್ ಮತ್ತೆ ಮತ್ತೆ ಬರೆದದ್ದು ಸಂತೆಯ ಬದುಕನ್ನು ತೋರಿಸಲು. ಶುಕ್ರುಲ್ಲಾ ನಾಮವನ್ನು ಮತ್ತೆ ಮತ್ತೆ ಬರೆದದ್ದು ಸಂತೆಯ ಗದ್ದಲದಿಂದ ಮನಸ್ಸನ್ನು ಬಿಡಿಸಲು. ಪಾಪ್ ಆರ್ಟ್ ಓದಿದ ಮಗನನ್ನೋ ಮಗಳನ್ನೋ ಇಲ್ಲಿಗೆ ಕರೆತಂದು ಎರಡನ್ನೂ ಹೋಲಿಸಲು ಹೇಳಿದರೆ ಪಾಠವೊಂದು ತಾನಾಗಿ ನಡೆಯುತ್ತದೆ.

ಜನರ ಬಾಯಲ್ಲಿ ಅಲ್ಲಮಪ್ರಭು

ಈಗ ನಮ್ಮ ಸಮಾಜಕ್ಕೆ ನೇರವಾಗಿ ತಾಗುವ ಸಂಗತಿ. ಈ ಸಮಾಧಿಯಲ್ಲಿರುವವನನ್ನು ಮುಸಲ್ಮಾನ ಬಂಧುಗಳು ಅಹಮದ್ ಶಹಾ ವಲಿ ಎನ್ನುತ್ತಾರೆ. ಸುತ್ತಣ ಲಿಂಗಾಯತ ಭಕ್ತರು ಅಲ್ಲಮಪ್ರಭು ಎನ್ನುತ್ತಾರೆ. ವರ್ಷಕ್ಕೊಮ್ಮೆ ಇಲ್ಲಿ ನಡೆಯುವ ಉತ್ಸವ ಒಬ್ಬರಿಗೆ ಉರುಸು, ಇನ್ನೊಬ್ಬರಿಗೆ ಜಾತ್ರೆ. ಮುಸಲ್ಮಾನ ಸಂತರ ಉರುಸುಗಳು ಸಾಮಾನ್ಯವಾಗಿ ಹಿಜರಿ ತಿಂಗಳ ಲೆಕ್ಕದಲ್ಲಿ ನಡೆಯುತ್ತವೆ. ಅಷ್ಟೂರಿನದು ಹಿಂದೂ ಪಂಚಾಂಗದ ಲೆಕ್ಕದಲ್ಲಿ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರೊಡನೆ ಬಂದು ಉತ್ಸವದಲ್ಲಿ ಪ್ರಧಾನ ಪಾತ್ರ ವಹಿಸುತ್ತಾರೆ. ಶಂಖ ಊದುತ್ತಾರೆ, ತೆಂಗಿನಕಾಯಿ, ಹೂವು ಅರ್ಪಣೆಯಾಗುತ್ತವೆ. ಯಜ್ದಾನಿಯವರೂ ತಮ್ಮ ಗ್ರಂಥದಲ್ಲಿ ಈ ಜಂಗಮರ ಆಗಮನವನ್ನು ಉಲ್ಲೇಖಿಸಿದ್ದಾರೆ. ಆದುದರಿಂದ ಇದು ನಿನ್ನೆ ಮೊನ್ನೆ ಹುಟ್ಟಿಸಿದ ಪದ್ಧತಿಯಲ್ಲ.

ಇಲ್ಲಿ ಓದುಗರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಅಲ್ಲಮಪ್ರಭುಗಳು ಹನ್ನೆರಡನೆಯ ಶತಮಾನದವರು. ಬನವಾಸಿ ಸೀಮೆಯಿಂದ ಹೊರಟು ಕಲ್ಯಾಣದ ಅನುಭವ ಮಂಟಪದ ಶೂನ್ಯಪೀಠವನ್ನು ಅಲಂಕರಿಸಿದವರು. ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂಬುದು ನಮ್ಮ ಪರಂಪರೆ. ಅಹಮದ್ ಶಹಾ ತೀರಿದ್ದು 1436ರಲ್ಲಿ. ನಡುವೆ ಎರಡೂವರೆ ಶತಮಾನಕ್ಕೂ ಮಿಕ್ಕ ಅಂತರವಿದೆ. ಇಬ್ಬರೂ ಒಬ್ಬರೇ ಎನ್ನುವುದು ಇತಿಹಾಸದ ಮಾತಾಗಲಾರದು. ಅದು ಭಕ್ತಿಯ ಮಾತು. ಅವೆರಡರ ಅಳತೆಗೋಲು ಬೇರೆ ಬೇರೆ ಎಂಬುದನ್ನು ಮರೆಯದೆ ನೋಡಿದರೆ ಜಗಳಕ್ಕೆ ಎಡೆಯೇ ಇಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದುಂಟು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದವರಿಗೆ ಸಮಾಧಿಯ ಪೂಜೆ ಏಕೆ? ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿಯಿರೆಂದ ಶರಣರ ಮಕ್ಕಳು ಕಲ್ಲಿನ ಗುಮ್ಮಟಕ್ಕೆ ಕಾಯಿ ಒಡೆಯುವುದು ಸರಿಯೇ? ಬಯಲನ್ನೇ ಬೋಧಿಸಿದ ಅಲ್ಲಮರ ಹೆಸರಿನಲ್ಲಿಯೇ ಹೀಗೆ ನಡೆಯುವುದು ವಿಪರ್ಯಾಸವಲ್ಲವೇ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ತತ್ತ್ವದ ದೃಷ್ಟಿಯಿಂದ ಆಕ್ಷೇಪಿಸುವವರ ಪಕ್ಷ ಬಲವಾಗಿಯೇ ಇದೆ. ಆದರೂ ಶುದ್ಧ ತತ್ತ್ವದ ತಕ್ಕಡಿಯಲ್ಲಿ ಮಾತ್ರ ಜನಜೀವನವನ್ನು ತೂಗುವುದು ಕಷ್ಟ. ಪರಭಾಷೆಯ, ಪರಧರ್ಮದ ಒಬ್ಬ ದೊರೆಯಲ್ಲಿ ಸಂತನ ಲಕ್ಷಣ ಕಂಡಾಗ ನಮ್ಮ ಹಿರಿಯರು ಅವನಿಗೆ ಕೊಟ್ಟ ಹೆಸರು ತಮ್ಮಲ್ಲಿದ್ದ ಅತ್ಯುನ್ನತ ಹೆಸರು. ಕುಲವನ್ನು ಕೇಳದೆ ನಡೆಯನ್ನು ನೋಡಿ ಹಿರಿಮೆ ಕೊಡುವುದೂ ಶರಣಧರ್ಮವೇ. ಕಾಯಿ ಒಡೆಯುವುದನ್ನು ಬಿಡುವವರು ಬಿಡಲಿ. ಆ ಔದಾರ್ಯವನ್ನು ಬಿಡುವುದು ಬೇಡವೆಂಬುದು ನಮ್ಮ ವಿನಮ್ರ ಅಭಿಪ್ರಾಯ.

ಹೊರಗೊಂದು ಲಿಪಿ, ಒಳಗೊಂದು ನುಡಿ

ಬೀದರ ಜಿಲ್ಲೆಯಲ್ಲಿ ಗೋಡೆಯ ಮೇಲಿನ ಲಿಪಿಗೆ ಇನ್ನೊಂದು ಇತಿಹಾಸವೂ ಇದೆ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತದ ಭಾಷೆಯಾಗಿದ್ದಾಗ ಕನ್ನಡ ಕಲಿಸುವುದೇ ದುಸ್ಸಾಹಸವಾಗಿತ್ತು. ಹಿಂದೆ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಜನಿಸಿ ಭಾಲ್ಕಿ ಹಿರೇಮಠ ಸಂಸ್ಥಾನವನ್ನು ಬೆಳಗಿದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆಯನ್ನು ಈ ಭಾಗದ ಮನೆಮನೆಯೂ ಬಲ್ಲುದು. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡು, 1956ರಲ್ಲಿ ಬೀದರ ಕನ್ನಡ ರಾಜ್ಯಕ್ಕೆ ಸೇರಿತು.

ಆ ಹೋರಾಟವನ್ನು ಅನುಭವಿಸಿದ ಮನೆಗಳಲ್ಲಿ ಅರಬ್ಬಿ-ಫಾರಸಿ ಅಕ್ಷರಗಳನ್ನು ಕಂಡರೆ ಸ್ವಲ್ಪ ದೂರವೇ ನಿಲ್ಲುವ ಅಭ್ಯಾಸ ಉಳಿದಿದ್ದರೆ ಅದು ಅರ್ಥವಾಗತಕ್ಕ ಸಂಗತಿ. ಆದರೆ ಪಟ್ಟದ್ದೇವರ ಹೋರಾಟ ಕನ್ನಡದ ಹಕ್ಕಿಗಾಗಿ ನಡೆದದ್ದು. ಅದರಲ್ಲಿ ಇನ್ನೊಂದು ಲಿಪಿಯ ಸೌಂದರ್ಯದ ಮೇಲೆ ದ್ವೇಷವಿರಲಿಲ್ಲ. ಕನ್ನಡ ತನ್ನ ಮನೆಯಲ್ಲಿ ತಾನು ಭದ್ರವಾಗಿ ಕುಳಿತ ಇಂದಿನ ದಿನದಲ್ಲಿ, ಅಷ್ಟೂರಿನ ಗೋಡೆಯ ಅಕ್ಷರಗಳನ್ನು ಯಾವ ಅಳುಕೂ ಇಲ್ಲದೆ ನಮ್ಮ ಜಿಲ್ಲೆಯ ಸಂಪತ್ತೆಂದು ನೋಡಬಹುದಾಗಿದೆ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುವ ಸಂತೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದು ಕಷ್ಟವೂ ಅಲ್ಲ.

ಬಣ್ಣ ಉಳಿಯಬೇಕಾದರೆ

ಆರು ಶತಮಾನ ಉಳಿದದ್ದು ಇನ್ನು ಮುಂದೆಯೂ ಉಳಿಯುತ್ತದೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಗಿಲಾವಿನ ಮೇಲಿನ ಬಣ್ಣದ ಪದರು ಉಗುರಿಗಿಂತ ತೆಳುವು. ಗುಮ್ಮಟದಲ್ಲಿ ಬಿರುಕು ಬಿಟ್ಟು ಮಳೆನೀರು ಇಳಿದರೆ ಗೋಡೆಯೊಳಗಿನ ಉಪ್ಪು ಹೊರಬಂದು ಬಣ್ಣವನ್ನು ಹಿಂದಿನಿಂದ ತಳ್ಳಿ ಉದುರಿಸುತ್ತದೆ. ಬಾವಲಿಗಳ ಹಿಕ್ಕೆ ಬಣ್ಣವನ್ನು ಸುಡುತ್ತದೆ. ಎಣ್ಣೆದೀಪ, ಊದಿನಕಡ್ಡಿ, ಲೋಬಾನದ ಹೊಗೆ ಮೇಲಕ್ಕೇರಿ ಕಪ್ಪು ಪೊರೆಯಾಗಿ ಕೂರುತ್ತದೆ. ಬೆವರಿದ ಕೈ ಮುಟ್ಟಿದ ಕಡೆ ಜಿಡ್ಡು ಉಳಿದು ಧೂಳನ್ನು ಹಿಡಿಯುತ್ತದೆ. ಇವುಗಳಲ್ಲಿ ಮೊದಲೆರಡನ್ನು ತಡೆಯುವುದು ಇಲಾಖೆಯ ಕೆಲಸ. ಉಳಿದ ಎರಡನ್ನು ತಡೆಯುವುದು ಭಕ್ತರ ಕೈಯಲ್ಲಿದೆ.

ನೆರೆಯ ಗುಮ್ಮಟಗಳೇ ಎಚ್ಚರಿಕೆಯ ಪಾಠ ಹೇಳುತ್ತವೆ. ಅಹಮದ್ ಶಹಾನ ಮಗ ಅಲಾವುದ್ದೀನನ ಗುಮ್ಮಟದ ಹೊರಮೈಯಲ್ಲಿ ಬಣ್ಣದ ಹೆಂಚಿನ ಅಲಂಕಾರ ಇಂದು ಅಲ್ಲಲ್ಲಿ ತುಣುಕಾಗಿ ಮಾತ್ರ ಉಳಿದಿದೆ. ಹುಮಾಯೂನನ ಗುಮ್ಮಟ ಸಿಡಿಲಿಗೆ ಸೀಳಿ, ಒಡೆದ ತೆಂಗಿನ ಚಿಪ್ಪಿನಂತೆ ಬಾಯಿ ತೆರೆದು ನಿಂತಿದೆ. ಒಂದೇ ಬಯಲಿನಲ್ಲಿ ಒಂದು ಉಳಿದು ಇನ್ನೊಂದು ಅಳಿದುದನ್ನು ಕಾಣುವಾಗ, ಉಳಿದುದರ ಬೆಲೆ ತಿಳಿಯುತ್ತದೆ.

ಈ ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. ವಿಶ್ವ ಸ್ಮಾರಕ ನಿಧಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಗಮನ ಹರಿಸಬೇಕಾದ ತಾಣಗಳ 2014ರ ತನ್ನ ಪಟ್ಟಿಯಲ್ಲಿ ಐತಿಹಾಸಿಕ ಬೀದರ ನಗರವನ್ನು ಸೇರಿಸಿತ್ತು. ದಖ್ಖಣದ ಸುಲ್ತಾನರ ಕಾಲದ ಸ್ಮಾರಕಗಳ ಜೊತೆಗೆ ಬೀದರವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿಯೂ ಇದೆ. ಹೊರಗಿನವರು ಬೆಲೆ ಕಟ್ಟಿದ ಮೇಲೆ ನಾವು ಕಣ್ಣು ತೆರೆಯುವುದು ಹೆಮ್ಮೆಯ ಮಾತಲ್ಲ. ಜಾತ್ರೆಯ ದಿನ ದೀಪವನ್ನು ಗುಮ್ಮಟದ ಹೊರಗೆ ಹಚ್ಚುವುದು, ಒಳಗೆ ಹೂವು ಮಾತ್ರ ಅರ್ಪಿಸುವುದು ಎಂಬ ನಿಯಮವನ್ನು ಎರಡೂ ಸಮಾಜದ ಹಿರಿಯರು ಕೂಡಿ ಒಪ್ಪಿಕೊಂಡರೆ ಭಕ್ತಿಗೆ ಎಳ್ಳಷ್ಟೂ ಕೊರತೆಯಾಗದು. ಬಣ್ಣಕ್ಕೆ ನೂರು ವರ್ಷದ ಆಯುಸ್ಸು ಕೂಡುತ್ತದೆ. ಗೋಡೆಯ ಮೇಲೆ ತಮ್ಮ ಹೆಸರು ಕೆತ್ತುವ ಹುಡುಗರಿಗೆ ಮನೆಯಲ್ಲಿಯೇ ಬುದ್ಧಿ ಹೇಳಬೇಕು. ಆ ಗೋಡೆಯ ಮೇಲೆ ಹೆಸರು ಬರೆಯುವ ಹಕ್ಕನ್ನು ದುಡಿದು ಸಂಪಾದಿಸಿದವನು ಶುಕ್ರುಲ್ಲಾ ಒಬ್ಬನೇ.

ನೋಡಲು ಹೋಗುವ ಕ್ರಮ

ಭಾಲ್ಕಿಯಿಂದಲೂ ಔರಾದದಿಂದಲೂ ಬೀದರ ಸುಮಾರು 40 ಕಿಲೋಮೀಟರು. ಭಾಲ್ಕಿಯವರಿಗೆ ರೈಲೂ ಬಸ್ಸೂ ಇವೆ. ಔರಾದದವರು ಬಸ್ಸಿನಲ್ಲಿ ಬರಬೇಕು. ಕಲಬುರಗಿ ಕಡೆಯ ಬಂಧುಗಳಿಗೆ 2017ರಿಂದ ಹುಮನಾಬಾದ ಮಾರ್ಗವಾಗಿ ನೇರ ರೈಲು ಹಾದಿ ಆಗಿದೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ ಸೇರಬಹುದಾದ ಪ್ರವಾಸವಿದು. ಬೀದರ ನಗರದಿಂದ ಅಷ್ಟೂರಿಗೆ ಆಟೋ ಸಿಗುತ್ತದೆ.

ಮೊದಲು ಕೋಟೆಗೆ ಹೋಗುವುದು ಒಳ್ಳೆಯದು. ಅಲ್ಲಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿಯನ್ನೂ ಮರದ ಕೆತ್ತನೆಯನ್ನೂ ಬಣ್ಣದ ಹೆಂಚಿನ ಕೆಲಸವನ್ನೂ ಕಾಣಬಹುದು. ಬಾಗಿಲು ಹಾಕಿದ್ದರೆ ಕಾವಲಿನವರನ್ನು ವಿನಯದಿಂದ ಕೇಳಬೇಕು. ಅನಂತರ ಹಳೆಯ ನಗರದೊಳಗಿನ ಮಹಮೂದ್ ಗವಾನನ ಮದರಸಾ. 1472ರಲ್ಲಿ ಪೂರ್ಣಗೊಂಡ ಈ ವಿದ್ಯಾಲಯದ ಮುಂಭಾಗದಲ್ಲಿ ನೀಲಿ, ಹಸಿರು, ಬಿಳಿ ಹೆಂಚುಗಳಲ್ಲಿ ಬರೆದ ಅಕ್ಷರಗಳು ಉಳಿದಿವೆ. ಹಳೆಯ ನಗರದ ಓಣಿಗಳಲ್ಲಿ ಬಿದರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ತಂತಿ ಕೂರಿಸುವುದನ್ನು ನೋಡಬಹುದು. ಕೋಟೆಯ ಮಣ್ಣಿನಲ್ಲಿ ಕುದಿಸಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳಗಿ ಉಳಿಯುವ ಈ ವಿದ್ಯೆಗೆ ಶಹಾ ರಶೀದ್ ಅಹಮದ್ ಖಾದ್ರಿ ಅವರ ಮೂಲಕ 2023ರಲ್ಲಿ ಪದ್ಮಶ್ರೀ ಗೌರವ ಸಂದಿದೆ. ಕತ್ತಲೆಯ ನೆಲದ ಮೇಲೆ ಹೊಳೆಯುವ ಬಳ್ಳಿ ಎಂಬ ಕಲ್ಪನೆ ಬಿದರಿಯಲ್ಲಿಯೂ ಇದೆ, ಅಷ್ಟೂರಿನ ಗೋಡೆಯಲ್ಲಿಯೂ ಇದೆ. ಎರಡನ್ನೂ ಒಂದೇ ದಿನ ನೋಡಿದವರಿಗೆ ಅದು ಹೊಳೆಯುತ್ತದೆ.

ಅಷ್ಟೂರಿನ ಹಾದಿಯಲ್ಲಿ ಎಡಗಡೆ ದಿಬ್ಬದ ಮೇಲೆ ಖಲೀಲುಲ್ಲಾ ಅವರ ಚೌಖಂಡಿ ಸಿಗುತ್ತದೆ. ಎಂಟು ಮೂಲೆಯ ಆ ಕಟ್ಟಡದ ಬಾಗಿಲಿನ ಮೇಲೆ ಕಪ್ಪು ಕಲ್ಲಿನಲ್ಲಿ ಕಡೆದ ಅಕ್ಷರಗಳು ಕಲ್ಲೆಂಬುದನ್ನು ಮರೆಸುವಷ್ಟು ನಯವಾಗಿವೆ. ಅಲ್ಲಿ ಕಲ್ಲಿನಲ್ಲಿ ಕಂಡ ಅಕ್ಷರವನ್ನು ಮುಂದೆ ಬಣ್ಣದಲ್ಲಿ ಕಾಣಲು ಕಣ್ಣು ಸಿದ್ಧವಾಗುತ್ತದೆ.

ಗುಮ್ಮಟದೊಳಗೆ ಹೋಗಲು ಮೋಡವಿಲ್ಲದ ಹಗಲು ಮೇಲು. ಹೊರಗಿನ ಬಿಸಿಲನ್ನು ಕನ್ನಡಿಯಿಂದ ಒಳಕ್ಕೆ ಹಾಯಿಸಿ ಚಿತ್ರ ತೋರಿಸುವ ರೂಢಿ ಅಲ್ಲಿ ಉಂಟು. ಬೆಳಕಿನ ಆ ದುಂಡು ತುಂಡು ಗೋಡೆಯ ಮೇಲೆ ಸರಿದಂತೆ ಹೊನ್ನು ಒಮ್ಮೆಗೆ ಎದ್ದು ಕಾಣುತ್ತದೆ. ಕ್ಯಾಮೆರಾದ ಮಿಂಚುದೀಪವನ್ನು ಹಚ್ಚಬಾರದು. ಪಾದರಕ್ಷೆ ಹೊರಗೆ ಬಿಡಬೇಕು. ಮೊದಲು ಗೋಡೆ, ಆಮೇಲೆ ಮೂಲೆಯ ಕಮಾನು, ಕಡೆಗೆ ಗುಮ್ಮಟ ಈ ಕ್ರಮದಲ್ಲಿ ನೋಡಬೇಕು. ಚಿಕ್ಕ ಮಕ್ಕಳಿಗೆ ಒಂದು ಬಳ್ಳಿಯನ್ನು ತೋರಿಸಿ, ಅದು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆಂದು ಹುಡುಕಲು ಹೇಳಿರಿ. ಮನೆಗೆ ಬಂದ ಮೇಲೆ ನೆನಪಿನಿಂದ ಅದನ್ನು ಬರೆಯಿಸಿರಿ. ರಂಗೋಲಿಯಲ್ಲಿ ಕೈ ಪಳಗಿದ ತಾಯಂದಿರು ಈ ಪಾಠಕ್ಕೆ ಯಾವ ಕಲಾಶಾಲೆಯ ಗುರುಗಳಿಗೂ ಕಡಿಮೆಯಲ್ಲ.

ನಮ್ಮ ಕಡೆಯ ಜನ ಶ್ರೀಶೈಲಕ್ಕೂ ಕೂಡಲಸಂಗಮಕ್ಕೂ ಉಳವಿಗೂ ಶ್ರದ್ಧೆಯಿಂದ ಹೋಗಿಬರುತ್ತಾರೆ. ಮನೆಯ ಅಂಗಳದಷ್ಟು ಹತ್ತಿರವಿರುವ ಅಷ್ಟೂರಿಗೆ ಜಾತ್ರೆಯ ಗದ್ದಲದ ದಿನ ಬಿಟ್ಟು ಬೇರೆ ದಿನ ಹೋಗುವವರು ವಿರಳ. ಬರುವ ರಜೆಯಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಡಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ಪ್ರಾರ್ಥನೆ. ಹಿರಿಯರಿದ್ದರೆ ಅವರನ್ನೂ ಕರೆದೊಯ್ಯಿರಿ. ಜಾತ್ರೆಯ ಹಳೆಯ ನೆನಪುಗಳನ್ನು ಅವರಿಂದ ಕೇಳಿ ಬರೆದಿಡಿರಿ. ದೂರದ ಕಜ್ವೀನಿನವನೊಬ್ಬ ಬಂದು ನಮ್ಮ ನೆಲದಲ್ಲಿ ಕಾಯಕ ಮಾಡಿ ಹೋದ. ಆ ಕಾಯಕವನ್ನು ಕಣ್ತುಂಬ ನೋಡುವುದೂ, ಮುಂದಿನವರು ನೋಡುವಂತೆ ಉಳಿಸುವುದೂ ನಮ್ಮ ಪಾಲಿಗೆ ಬಂದ ದಾಸೋಹ.